ರಾಯಭಾರಿಗಳ ಜಗಳದಲ್ಲಿ ನಮ್ಮ ಕೌಂಟರ್ ಮುಚ್ಚಬೇಡಿ

2025ರ ಏಪ್ರಿಲ್ 24, ಗುರುವಾರ ರಾತ್ರಿ. ವಾರದ ಕೆಲಸ ಮುಗಿಸಿ ಸಾಲ್ಮಿಯಾದ ಮನೆಗೆ ಬಂದು ಊಟಕ್ಕೆ ಕೂತಿದ್ದೆ. ಕುಂದಾಪುರದಿಂದ ಅಮ್ಮನ ಫೋನ್ ಬಂತು. ಊರಲ್ಲಿ ಆಗ ಹನ್ನೊಂದು ಗಂಟೆ ದಾಟಿತ್ತು. ಅಷ್ಟು ಹೊತ್ತಿನವರೆಗೆ ಎಚ್ಚರ ಇರುವವರಲ್ಲ ಅಮ್ಮ. "ಮಗಾ, ಟಿವಿಯಂಗೆ ಎಂಬೆಸಿಯವ್ರನ್ನೆಲ್ಲ ವಾಪಸ್ ಕಳ್ಸ್ತ್ರ್ ಅಂಬ್ರ್. ನಿಂಗೆ ಅಲ್ಲೆಂತ ತೊಂದ್ರಿ ಇಲ್ಯಾ?" ಎಂದು ಕೇಳಿದರು.

ಅದು ಭಾರತ-ಪಾಕಿಸ್ತಾನದ ವಿಷಯ ಅಮ್ಮ, ಕುವೈತ್‌ಗೂ ಅದಕ್ಕೂ ಸಂಬಂಧ ಇಲ್ಲ ಎಂದು ಸಮಾಧಾನ ಹೇಳಿದೆ. ಫೋನ್ ಇಟ್ಟ ಮೇಲೆ ಯೋಚನೆ ಬಂತು. ಅಮ್ಮ ಸುಮ್ಮನೆ ಹೆದರಿದ್ದಲ್ಲ. ಮೂವತ್ತೈದು ವರ್ಷಗಳ ಹಿಂದೆ ಇದೇ ಕುವೈತ್‌ನಲ್ಲಿ ರಾಯಭಾರ ಕಚೇರಿಗಳು ಬಾಗಿಲು ಮುಚ್ಚಿದಾಗ ಅಪ್ಪ ಇಲ್ಲಿದ್ದರು. ಎಂಟು ವಾರ ಅವರ ಸುದ್ದಿ ಇರಲಿಲ್ಲ. 'ಎಂಬೆಸಿ ಮುಚ್ಚುತ್ತಾರೆ' ಎಂದರೆ ಏನೆಂದು ಅಮ್ಮ ಒಮ್ಮೆ ಅನುಭವಿಸಿದ್ದಾರೆ.

ದೇಶಗಳ ಸಂಬಂಧ ಕೆಟ್ಟಾಗ ಮೊದಲ ಪೆಟ್ಟು ರಾಜತಾಂತ್ರಿಕರಿಗೆ ಬೀಳುತ್ತದೆ. ಅದು ಸುದ್ದಿಯಾಗುತ್ತದೆ. ಆ ಪೆಟ್ಟು ಅವರನ್ನು ದಾಟಿ ನಮ್ಮಂಥ ಸಾಮಾನ್ಯರ ಮನೆಯವರೆಗೆ ಹೇಗೆ ಬರುತ್ತದೆ, ಅದನ್ನು ಕಡಿಮೆ ಮಾಡಲು ಸಾಧ್ಯವೇ ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ. ನಾನು ವಿದೇಶಾಂಗ ತಜ್ಞನಲ್ಲ, ಲೆಕ್ಕ ಬರೆಯುವವನು. ಆದರೆ ಇದು ಬಹುಮಟ್ಟಿಗೆ ಲೆಕ್ಕದ ವಿಷಯವೇ.

ಮುಯ್ಯಿಗೆ ಮುಯ್ಯಿ

ಪಹಲ್ಗಾಮ್ ದಾಳಿಯ ಮರುದಿನ, ಏಪ್ರಿಲ್ 23ರಂದು, ಭಾರತ ಕೆಲವು ನಿರ್ಧಾರ ಪ್ರಕಟಿಸಿತು. ದೆಹಲಿಯ ಪಾಕಿಸ್ತಾನ ಹೈಕಮಿಷನ್‌ನ ರಕ್ಷಣಾ ಸಲಹೆಗಾರರು ದೇಶ ಬಿಡಬೇಕು, ಎರಡೂ ಕಡೆಯ ಹೈಕಮಿಷನ್ ಸಿಬ್ಬಂದಿ 55ರಿಂದ 30ಕ್ಕೆ ಇಳಿಯಬೇಕು, ಸಾರ್ಕ್ ವೀಸಾ ಯೋಜನೆ ಪಾಕಿಸ್ತಾನಿಗಳಿಗೆ ರದ್ದು, ಅಟ್ಟಾರಿ ಗಡಿ ಬಂದ್. ಮರುದಿನ ಪಾಕಿಸ್ತಾನ ಹೆಚ್ಚುಕಡಿಮೆ ಅದೇ ಪಟ್ಟಿಯನ್ನು ತಿರುಗಿಸಿ ಓದಿತು. ಅಲ್ಲೂ 30 ಜನ, ಅಲ್ಲೂ ವೀಸಾ ರದ್ದು. ಜೊತೆಗೆ ಭಾರತೀಯ ವಿಮಾನಗಳಿಗೆ ತನ್ನ ವಾಯುಮಾರ್ಗ ಬಂದ್ ಮಾಡಿತು. ಏಪ್ರಿಲ್ 30ರಂದು ಭಾರತವೂ ಬಂದ್ ಮಾಡಿತು.

ಇದು ಹೊಸತಲ್ಲ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದಾಗ ಭಾರತ ಇಸ್ಲಾಮಾಬಾದ್‌ನಿಂದ ಹೈಕಮಿಷನರ್ ಅವರನ್ನು ವಾಪಸ್ ಕರೆಸಿತು. ಬಳಿಕ ಎರಡೂ ಕಡೆ ಸಿಬ್ಬಂದಿ ಅರ್ಧಕ್ಕೆ ಇಳಿಯಿತು. ಉಳಿದವರು ರಾಜಧಾನಿಯ ನಗರ ಮಿತಿ ದಾಟಬಾರದು ಎಂಬ ನಿರ್ಬಂಧವೂ ಬಂತು. ಶೀತಲ ಸಮರದ ಕಾಲದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಬ್ಬರು ಇನ್ನೊಬ್ಬರ ರಾಜತಾಂತ್ರಿಕರಿಗೆ 25 ಮೈಲಿಯ ಗೆರೆ ಹಾಕಿದ್ದವು. 2020ರ ಜೂನ್‌ನಲ್ಲಿ ಭಾರತ ಮತ್ತೆ ಪಾಕಿಸ್ತಾನ ಹೈಕಮಿಷನ್ ಸಿಬ್ಬಂದಿಯನ್ನು ಏಳು ದಿನದೊಳಗೆ ಅರ್ಧ ಮಾಡಲು ಹೇಳಿತು. ಆ ಕಡೆಯೂ ಹಾಗೆಯೇ ಆಯಿತು.

ಇದಕ್ಕೆಲ್ಲ ಕಾನೂನಿನ ಆಧಾರವಿದೆ. 1961ರ ವಿಯೆನ್ನಾ ಒಪ್ಪಂದದ 9ನೇ ವಿಧಿಯ ಪ್ರಕಾರ ಯಾವ ದೇಶವೂ ಕಾರಣ ಹೇಳದೆ ಒಬ್ಬ ರಾಜತಾಂತ್ರಿಕನನ್ನು 'ಅನಪೇಕ್ಷಿತ ವ್ಯಕ್ತಿ' ಎಂದು ಘೋಷಿಸಬಹುದು. 11ನೇ ವಿಧಿ ಕಚೇರಿಯ ಗಾತ್ರದ ಬಗ್ಗೆ ಹೇಳುತ್ತದೆ. 26ನೇ ವಿಧಿ ಓಡಾಟದ ಸ್ವಾತಂತ್ರ್ಯ ಕೊಡುತ್ತದೆ. ಆದರೆ ನೀವು ನಮ್ಮವರಿಗೆ ಒಂದು ನಿಯಮವನ್ನು ಬಿಗಿಯಾಗಿ ಅನ್ವಯಿಸಿದರೆ ನಾವೂ ನಿಮ್ಮವರಿಗೆ ಹಾಗೆಯೇ ಅನ್ವಯಿಸಬಹುದು ಎಂದು 47ನೇ ವಿಧಿ ಒಪ್ಪುತ್ತದೆ. ಅಂದರೆ ಮುಯ್ಯಿಗೆ ಮುಯ್ಯಿಯನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ನಮ್ಮ ಲೆಕ್ಕಪತ್ರದಲ್ಲಿ ಒಂದು ಕಡೆ ಡೆಬಿಟ್ ಬರೆದರೆ ಇನ್ನೊಂದು ಕಡೆ ಅಷ್ಟೇ ಕ್ರೆಡಿಟ್ ಬರಬೇಕು. ಈ ಜಗಳವೂ ಹಾಗೆಯೇ, ನೀನು 25 ಜನರನ್ನು ಕಳಿಸಿದೆ, ನಾನೂ 25 ಜನರನ್ನು ಕಳಿಸಿದೆ, ತಾಳೆಯಾಯಿತು. ಆದರೆ ಕೌಂಟರಿನಲ್ಲಿ ಸಾಲು ನಿಂತವನ ಖರ್ಚು ಈ ಎರಡು ಕಾಲಂಗಳಲ್ಲಿ ಎಲ್ಲೂ ಬರುವುದಿಲ್ಲ.

ಕುವೈತ್ ಕಂಡ ಜಗಳಗಳು

ಕುವೈತ್ ಚಿಕ್ಕ ದೇಶ, ಜಗಳಗಳಲ್ಲಿ ಮಧ್ಯಸ್ಥಿಕೆ ವಹಿಸಿ ಹೆಸರಾದ ದೇಶ. 2017ರ ಜೂನ್ 5ರಂದು ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ದೇಶಗಳು ಕತಾರ್ ಜೊತೆ ಸಂಬಂಧ ಕಡಿದುಕೊಂಡಾಗ ಆಗಿನ ಅಮೀರ್ ಶೇಖ್ ಸಬಾ ಅವರು ಆ ವಯಸ್ಸಿನಲ್ಲೂ ವಿಮಾನ ಹತ್ತಿ ರಾಜಧಾನಿಯಿಂದ ರಾಜಧಾನಿಗೆ ಓಡಾಡಿದ್ದನ್ನು ನಾವು ನೋಡಿದ್ದೇವೆ. ಜಗಳ ಮುಗಿಯುವುದನ್ನು ನೋಡಲು ಅವರಿರಲಿಲ್ಲ. 2021ರ ಜನವರಿ 5ರಂದು ಅಲ್ ಉಲಾದಲ್ಲಿ ಒಪ್ಪಂದವಾಯಿತು. ಮೂರೂವರೆ ವರ್ಷ ದುಬೈ-ದೋಹಾ ನೇರ ವಿಮಾನ ಇರಲಿಲ್ಲ. ನನ್ನ ಚಿಕ್ಕಪ್ಪನ ಮಗ ದೋಹಾದಲ್ಲಿ, ಅವನ ಹೆಂಡತಿ ದುಬೈಯಲ್ಲಿ ನರ್ಸ್. ಒಂದು ಗಂಟೆಯ ದಾರಿಯನ್ನು ಅವನು ಕುವೈತ್ ಇಲ್ಲವೇ ಮಸ್ಕತ್ ಸುತ್ತಿ ಹೋಗುತ್ತಿದ್ದ. ಕತಾರ್‌ಗೂ ಯುಎಇಗೂ ಏನು ಜಗಳ ಎಂದು ಅವನಿಗೆ ಸರಿಯಾಗಿ ಗೊತ್ತೂ ಇರಲಿಲ್ಲ.

ಕುವೈತ್ ತಾನೇ ಕಠಿಣವಾದ ಸಂದರ್ಭಗಳೂ ಇವೆ. 2017ರ ಜುಲೈಯಲ್ಲಿ ಇರಾನ್ ರಾಯಭಾರಿಗೂ 14 ರಾಜತಾಂತ್ರಿಕರಿಗೂ ದೇಶ ಬಿಡಲು ಹೇಳಿತು. ಅದೇ ಸೆಪ್ಟೆಂಬರ್‌ನಲ್ಲಿ ಉತ್ತರ ಕೊರಿಯಾ ರಾಯಭಾರಿಗೆ ಒಂದು ತಿಂಗಳ ಗಡುವು ಕೊಟ್ಟಿತು. 2021ರ ಅಕ್ಟೋಬರ್ 30ರಂದು, ಲೆಬನಾನ್‌ನ ಒಬ್ಬ ಸಚಿವರು ಯೆಮನ್ ಯುದ್ಧದ ಬಗ್ಗೆ ಆಡಿದ ಮಾತಿಗೆ ಸಿಟ್ಟಾಗಿ, ಸೌದಿಯ ಹಿಂದೆಯೇ ಕುವೈತ್ ಕೂಡ ಲೆಬನಾನ್ ಪ್ರತಿನಿಧಿಗೆ 48 ಗಂಟೆ ಗಡುವು ಕೊಟ್ಟು, ಬೈರೂತ್‌ನಿಂದ ತನ್ನ ರಾಯಭಾರಿಯನ್ನು ಕರೆಸಿಕೊಂಡಿತು. ಆ ಸಚಿವರು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು, ರಾಯಭಾರಿ ಹಿಂದಿರುಗಿದ್ದು 2022ರ ಏಪ್ರಿಲ್‌ನಲ್ಲಿ. ಆ ಆರು ತಿಂಗಳು ನಮ್ಮ ಕಂಪನಿಯ ಲೆಬನಾನ್ ಮೂಲದ ಮ್ಯಾನೇಜರ್ ಒಬ್ಬರು ತನ್ನ ತಾಯಿಯನ್ನು ಇಲ್ಲಿಗೆ ಕರೆತರುವ ಮಾತನ್ನೇ ಬಿಟ್ಟಿದ್ದರು. ಇಪ್ಪತ್ತು ವರ್ಷ ಇಲ್ಲಿದ್ದವರು, ಇಕಾಮಾ ನವೀಕರಣದ ದಿನ ಹತ್ತಿರ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ನಮಗೆ ಹೆಚ್ಚು ಪಾಠ ಇರುವುದು ಫಿಲಿಪ್ಪೀನ್ಸ್ ಪ್ರಕರಣದಲ್ಲಿ. ಅವರೂ ನಮ್ಮ ಹಾಗೆ ದುಡಿಯಲು ಬಂದವರು. 2018ರ ಫೆಬ್ರವರಿಯಲ್ಲಿ ಮನೆಗೆಲಸದ ಫಿಲಿಪ್ಪೀನ್ಸ್ ಮಹಿಳೆಯೊಬ್ಬರ ಶವ ಖಾಲಿ ಫ್ಲ್ಯಾಟ್ ಒಂದರ ಫ್ರೀಜರ್‌ನಲ್ಲಿ ಸಿಕ್ಕಿತು. ಮನಿಲಾ ಸರ್ಕಾರ ಕುವೈತ್‌ಗೆ ಕಾರ್ಮಿಕರನ್ನು ಕಳಿಸುವುದನ್ನು ನಿಲ್ಲಿಸಿತು. ಏಪ್ರಿಲ್‌ನಲ್ಲಿ ಅವರ ರಾಯಭಾರ ಕಚೇರಿಯ ಸಿಬ್ಬಂದಿ ಕೆಲವು ಮನೆಗಳಿಂದ ಕೆಲಸದ ಮಹಿಳೆಯರನ್ನು ತಾವೇ ಕಾರಿನಲ್ಲಿ ಕರೆದೊಯ್ಯುವ ವಿಡಿಯೊ ಹರಡಿತು. ಇದು ನಮ್ಮ ಸಾರ್ವಭೌಮತ್ವದ ಉಲ್ಲಂಘನೆ ಎಂದು ಕುವೈತ್ ಸಿಟ್ಟಾಯಿತು. ಅವರ ವಿದೇಶಾಂಗ ಕಾರ್ಯದರ್ಶಿ ಕ್ಷಮೆ ಕೇಳಿದರೂ ಏಪ್ರಿಲ್ 25ರಂದು ಫಿಲಿಪ್ಪೀನ್ಸ್ ರಾಯಭಾರಿಗೆ ಒಂದು ವಾರದ ಗಡುವು ಸಿಕ್ಕಿತು. ಮನಿಲಾದಲ್ಲಿದ್ದ ಕುವೈತ್ ರಾಯಭಾರಿ ವಾಪಸ್ ಬಂದರು.

ಎರಡು ವಾರಗಳ ಬಳಿಕ, ಮೇ 11ರಂದು, ಅದೇ ಎರಡು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮಾಲೀಕರು ಕೆಲಸದವರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳಬಾರದು, ಕೆಲಸದವರು ಮೊಬೈಲ್ ಇಟ್ಟುಕೊಳ್ಳಬಹುದು ಎಂಬ ಅಂಶಗಳು ಅದರಲ್ಲಿ ಬಂದವು. ಕೆಲವೇ ದಿನದಲ್ಲಿ ಮನಿಲಾ ನಿಷೇಧ ತೆಗೆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರ ಜನವರಿಯಲ್ಲಿ ಇನ್ನೊಬ್ಬ ಮಹಿಳೆಯ ಕೊಲೆಯಾಯಿತು. ಮನಿಲಾ ಹೊಸದಾಗಿ ಮನೆಗೆಲಸಕ್ಕೆ ಬರುವವರನ್ನು ತಡೆಯಿತು. ಮೇ ತಿಂಗಳಲ್ಲಿ ಕುವೈತ್ ಫಿಲಿಪ್ಪೀನ್ಸ್ ಪ್ರಜೆಗಳಿಗೆ ಹೊಸ ವೀಸಾ ಕೊಡುವುದನ್ನೇ ನಿಲ್ಲಿಸಿತು. ಕಾರಣವಾಗಿ ಹೇಳಿದ್ದು ಅವರ ರಾಯಭಾರ ಕಚೇರಿಯ ನಡವಳಿಕೆ: ಓಡಿಬಂದ ಕೆಲಸದವರಿಗೆ ಆಶ್ರಯ ಕೊಡುತ್ತಾರೆ, ನಮ್ಮ ಇಲಾಖೆಗಳನ್ನು ಬಿಟ್ಟು ನೇರವಾಗಿ ಕುವೈತ್ ಪ್ರಜೆಗಳನ್ನು ಸಂಪರ್ಕಿಸುತ್ತಾರೆ ಎಂಬುದು. ಅಂದರೆ ರಾಯಭಾರ ಕಚೇರಿ ಎಲ್ಲಿಯವರೆಗೆ ಕೈ ಚಾಚಬಹುದು ಎಂಬುದೇ ಜಗಳದ ಮೂಲ. ವೀಸಾ ಮತ್ತೆ ಶುರುವಾದದ್ದು 2024ರ ಜೂನ್‌ನಲ್ಲಿ.

ನಮ್ಮ ಕಚೇರಿಯಲ್ಲಿ ಪೇರೋಲ್ ನೋಡಿಕೊಳ್ಳುವವರು ಒಬ್ಬ ಫಿಲಿಪ್ಪೀನ್ಸ್ ಮಹಿಳೆ. ಅವರ ತಮ್ಮನಿಗೆ ನಮ್ಮಲ್ಲೇ ಗೋದಾಮಿನ ಕೆಲಸ ಆಗಿತ್ತು, ಆಫರ್ ಲೆಟರ್ ಹೋಗಿತ್ತು, ಅವನು ಊರಲ್ಲಿ ಸಾಲ ಮಾಡಿ ಮೆಡಿಕಲ್ ಮಾಡಿಸಿದ್ದ. ಮೇ ತಿಂಗಳಲ್ಲಿ ಎಲ್ಲ ನಿಂತಿತು. ಮೂರು ತಿಂಗಳು ಕಾದೆವು. ಆಮೇಲೆ ಆ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡೆವು. ಬಂದವನು ನಮ್ಮ ಬಂಟ್ವಾಳದ ಹುಡುಗ. ಅವನ ಆಫರ್ ಲೆಟರ್‌ಗೆ ಸಂಬಳದ ಲೆಕ್ಕ ಹಾಕಿದವನು ನಾನೇ. ಆ ಮಹಿಳೆ ಏನೂ ಹೇಳಲಿಲ್ಲ, ಹೊಸಬನ ಹೆಸರನ್ನು ಪೇರೋಲ್‌ಗೆ ಸೇರಿಸಿದರು.

ಇದನ್ನು ಯಾಕೆ ಬರೆದೆನೆಂದರೆ, ನಮ್ಮಲ್ಲಿ ಹಲವರು ಇಂಥ ಸುದ್ದಿ ಬಂದಾಗ 'ನಮಗೆ ಒಳ್ಳೆಯದಾಯಿತು, ವೀಸಾ ನಮ್ಮವರಿಗೆ ಸಿಗುತ್ತದೆ' ಎನ್ನುತ್ತಾರೆ. 1991ರಲ್ಲೂ ಹೀಗೇ ಆಗಿತ್ತು. ವಿಮೋಚನೆಯ ಬಳಿಕ, ಇರಾಕ್ ಪರ ನಿಂತಿತೆಂದು ಕುವೈತ್ ಭಾವಿಸಿದ ಜೋರ್ಡಾನ್, ಯೆಮನ್, ಸುಡಾನ್ ಮತ್ತು ಪ್ಯಾಲೆಸ್ತೀನ್ ಜನರಿಗೆ ಬಾಗಿಲು ಮುಚ್ಚಿತು. ಯುದ್ಧಕ್ಕೆ ಮೊದಲು ಇಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ತೀನಿಯರಿದ್ದರು, ಕೆಲವೇ ತಿಂಗಳಲ್ಲಿ ಕೆಲವು ಹತ್ತು ಸಾವಿರಕ್ಕೆ ಇಳಿದರು. ನಾಯಕರು ಮಾಡಿದ ನಿರ್ಧಾರಕ್ಕೆ ಶಾಲಾ ಮೇಷ್ಟ್ರುಗಳು, ಗುಮಾಸ್ತರು, ಎಂಜಿನಿಯರುಗಳು ಬೆಲೆ ತೆತ್ತರು. ಖಾಲಿಯಾದ ಕುರ್ಚಿಗಳಲ್ಲಿ ಕುಳಿತವರಲ್ಲಿ ನಮ್ಮವರೂ ಇದ್ದರು. ನಾನಿಲ್ಲಿ ಅವರನ್ನು ದೂರುತ್ತಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಇನ್ನೊಬ್ಬರ ಕುರ್ಚಿ ಹೀಗೆ ಖಾಲಿಯಾಗುತ್ತದೆ ಎಂದ ಮೇಲೆ ನಮ್ಮದೂ ಆಗಬಹುದು ಎಂಬುದನ್ನು ನೆನಪಿಡಬೇಕು.

ಅಪ್ಪನ ಬಿಳಿ ಕಾಗದ

ಅಪ್ಪ ಶುವೈಖ್‌ನಲ್ಲಿ ವಾಹನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ನುಗ್ಗಿದಾಗ ಅವರ ಪಾಸ್‌ಪೋರ್ಟ್ ಕಫೀಲ್ ಹತ್ತಿರ ಇತ್ತು. ಕಫೀಲ್ ಮೊದಲ ವಾರದಲ್ಲೇ ಸೌದಿಗೆ ಹೋಗಿಬಿಟ್ಟಿದ್ದ. ಕುವೈತ್ ಈಗ ದೇಶವೇ ಅಲ್ಲ, ಆದ್ದರಿಂದ ಅಲ್ಲಿ ರಾಯಭಾರ ಕಚೇರಿ ಇರಬಾರದು ಎಂದು ಇರಾಕ್ ಆಗಸ್ಟ್ 24ರ ಗಡುವು ಹಾಕಿತು. ಒಪ್ಪದೆ ಉಳಿದ ಅಮೆರಿಕ, ಬ್ರಿಟನ್ ಕಚೇರಿಗಳ ನೀರು, ವಿದ್ಯುತ್ ಕಡಿಯಿತು. ಭಾರತ ತನ್ನ ಕಚೇರಿಯನ್ನು ಬಸ್ರಾಕ್ಕೆ ಸ್ಥಳಾಂತರಿಸಿತು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದ್‌ಗೆ ಹೋಗಿ ಸದ್ದಾಂ ಹುಸೇನ್ ಅವರನ್ನು ಭೇಟಿಯಾದರು. ಅವರಿಬ್ಬರ ಅಪ್ಪುಗೆಯ ಚಿತ್ರ ಪತ್ರಿಕೆಗಳಲ್ಲಿ ಬಂತು. ಬಹಳ ಟೀಕೆಯೂ ಬಂತು.

ಆ ಟೀಕೆಯಲ್ಲಿ ಸತ್ಯವಿದೆ. ಆಕ್ರಮಣ ಮಾಡಿದವನನ್ನು ಅಪ್ಪಿಕೊಂಡದ್ದನ್ನು ಇಲ್ಲಿನ ಹಿರಿಯರು ಮರೆತಿಲ್ಲ. ಆದರೆ ಮಾತಿನ ದಾರಿ ತೆರೆದಿದ್ದರಿಂದ ನಮ್ಮ ಜನ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್ ತಲುಪಿದರು. ಅಲ್ಲಿಂದ ಸುಮಾರು ಎರಡು ತಿಂಗಳಲ್ಲಿ ಏರ್ ಇಂಡಿಯಾ 488 ಹಾರಾಟ ನಡೆಸಿತು. ಒಟ್ಟು ಸುಮಾರು 1.7 ಲಕ್ಷ ಭಾರತೀಯರು ಊರು ಸೇರಿದರು. ಅವರಲ್ಲಿ ಉಡುಪಿ, ಮಂಗಳೂರು, ಭಟ್ಕಳ, ಕಾಸರಗೋಡಿನವರು ಎಷ್ಟೋ ಮಂದಿ.

ಅಪ್ಪನ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ನಮ್ಮ ರಾಯಭಾರ ಕಚೇರಿಯವರು ಫೋಟೊ ಅಂಟಿಸಿ, ಮುದ್ರೆ ಒತ್ತಿ ಒಂದು ಬಿಳಿ ಕಾಗದ ಕೊಟ್ಟರು. ಗಲ್ಫ್‌ನವರು ಔಟ್‌ಪಾಸ್ ಎನ್ನುವುದು ಅದನ್ನೇ. ಅದನ್ನು ಹಿಡಿದು ಬಸ್ಸಿನಲ್ಲಿ ಹೊರಟು, ಗಡಿಯ ಡೇರೆಗಳಲ್ಲಿ ಒಂಬತ್ತು ದಿನ ಕಳೆದು, ಸೆಪ್ಟೆಂಬರ್ ಕೊನೆಗೆ ಮುಂಬೈ ತಲುಪಿದರು. ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಅಪ್ಪನ ಗುರುತು ನನಗೆ ಸಿಕ್ಕಿರಲಿಲ್ಲ. ಆಗ ನನಗೆ ಹನ್ನೆರಡು ವರ್ಷ.

ಆ ಕಾಗದದ ಉಪಯೋಗ ಅಲ್ಲಿಗೇ ಮುಗಿಯಲಿಲ್ಲ. ಯುದ್ಧದಿಂದ ಕುವೈತ್ ಬಿಟ್ಟವರಿಗೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ಹಣ ಕೊಟ್ಟಿತು. ದೇಶ ಬಿಡಬೇಕಾಗಿ ಬಂದ ಒಬ್ಬ ವ್ಯಕ್ತಿಗೆ 2,500 ಡಾಲರ್, ಬೇರೆ ಯಾವ ವರ್ಗದಲ್ಲೂ ಕ್ಲೇಮು ಹಾಕದಿದ್ದರೆ 4,000 ಡಾಲರ್. ಆದರೆ ಸಾಮಾನ್ಯವಾಗಿ ಅರ್ಜಿಯನ್ನು ಸರ್ಕಾರದ ಮೂಲಕವೇ ಹಾಕಬೇಕಿತ್ತು. ಅಪ್ಪ ಆ ದಿನಗಳಲ್ಲಿ ಕುವೈತ್‌ನಲ್ಲಿದ್ದರು, ಅಲ್ಲಿಂದ ಹೊರಟರು ಎಂಬುದಕ್ಕೆ ಆ ಬಿಳಿ ಕಾಗದವೇ ಸಾಕ್ಷಿ. ವರ್ಷಗಳ ನಂತರ ಬಂದ ಆ ಹಣದಲ್ಲಿ ನಾನು ಬಿ.ಕಾಂ ಮುಗಿಸಿ ಸಿಎ ಓದಿಗೆ ಬೆಂಗಳೂರಿಗೆ ಹೋದೆ. ಒಬ್ಬ ಗುಮಾಸ್ತ ಬಿಸಿಲಿನಲ್ಲಿ ಕೂತು ಒತ್ತಿದ ಮುದ್ರೆಯಿಂದ ನಾನು ಇವತ್ತು ಈ ವೃತ್ತಿಯಲ್ಲಿದ್ದೇನೆ.

ಆದ್ದರಿಂದ 'ಎಂಬೆಸಿ ಸಿಬ್ಬಂದಿ ಅರ್ಧ ಮಾಡಿದರು' ಎಂದು ಕೇಳಿದಾಗ, ಕಡಿಮೆಯಾದವರಲ್ಲಿ ಇಂಥ ಗುಮಾಸ್ತ ಎಷ್ಟು ಮಂದಿ ಎಂದು ಕೇಳಬೇಕೆನಿಸುತ್ತದೆ.

ಬೆಂಗಳೂರಿನಲ್ಲೂ ನಡೆಯಿತು

ಇದು ಗಲ್ಫ್‌ನವರ ಕಷ್ಟ ಮಾತ್ರ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಭಾರತ-ಕೆನಡಾ ಸಂಬಂಧ ಕೆಟ್ಟಾಗ ಸೆಪ್ಟೆಂಬರ್ 21ರಿಂದ ಭಾರತ ಕೆನಡಾ ಪ್ರಜೆಗಳಿಗೆ ವೀಸಾ ನಿಲ್ಲಿಸಿತು. ಎರಡೂ ದೇಶಗಳ ಸಿಬ್ಬಂದಿ ಸಂಖ್ಯೆ ಸಮನಾಗಿರಬೇಕು ಎಂದು ಭಾರತ ಹೇಳಿತು. ಅಕ್ಟೋಬರ್‌ನಲ್ಲಿ ಕೆನಡಾ 41 ರಾಜತಾಂತ್ರಿಕರನ್ನು ಹಿಂದಕ್ಕೆ ಕರೆಸಿಕೊಂಡಿತು. ಬೆಂಗಳೂರು, ಮುಂಬೈ, ಚಂಡೀಗಢದ ಕಾನ್ಸುಲೇಟ್‌ಗಳಲ್ಲಿ ಮುಖಾಮುಖಿ ಸೇವೆ ನಿಂತಿತು. ಭಾರತದಲ್ಲಿದ್ದ ಕೆನಡಾದ ವಲಸೆ ವಿಭಾಗದ ಸಿಬ್ಬಂದಿ 27ರಿಂದ 5ಕ್ಕೆ ಇಳಿದರು. ಮಗಳ ಅರ್ಜಿ ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿದ್ದ ಪೋಷಕರು ಕರ್ನಾಟಕದಲ್ಲೂ ಇದ್ದರು. ಕೆನಡಾ ಪೌರತ್ವ ಪಡೆದು, ಒಸಿಐ ಕಾರ್ಡ್ ಮಾಡಿಸಿಕೊಳ್ಳದ ನಮ್ಮವರು ಆ ತಿಂಗಳು ಊರಲ್ಲಿ ಸಾವಾದರೂ ಟಿಕೆಟ್ ತೆಗೆಯುವ ಮೊದಲು ಯೋಚಿಸಬೇಕಿತ್ತು. ಅಕ್ಟೋಬರ್ 26ರಿಂದ ಕೆಲವು ವೀಸಾ, ನವೆಂಬರ್ 22ರಿಂದ ಇ-ವೀಸಾ ಮತ್ತೆ ಶುರುವಾಯಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಆರಾರು ರಾಜತಾಂತ್ರಿಕರನ್ನು ಎರಡೂ ಕಡೆಯವರು ಹೊರಹಾಕಿದರು.

2025ರ ಏಪ್ರಿಲ್‌ನಲ್ಲೂ ಹೀಗೆಯೇ. ಪಾಕಿಸ್ತಾನಿಗಳ ವೀಸಾ ಏಪ್ರಿಲ್ 27ಕ್ಕೆ, ವೈದ್ಯಕೀಯ ವೀಸಾ 29ಕ್ಕೆ ಮುಗಿಯುತ್ತದೆ ಎಂದಾಗ ಅಟ್ಟಾರಿಯಲ್ಲಿ ಸಾಲು ನಿಂತವರಲ್ಲಿ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರಿದ್ದರು. ಗಡಿಯಾಚೆ ಮದುವೆ ಸಂಬಂಧ ಇರುವ ಮನೆಗಳು ನಮ್ಮ ಭಟ್ಕಳದಂಥ ಊರುಗಳಲ್ಲೂ ಇವೆ. ಮಂಗಳೂರಿನಿಂದ ಕುವೈತ್‌ಗೆ ಬರುವ ವಿಮಾನ ಅರಬ್ಬಿ ಸಮುದ್ರದ ಮೇಲೆ ಬರುತ್ತದೆ, ನಮಗೆ ವಾಯುಮಾರ್ಗದ ಬಿಸಿ ತಟ್ಟಲಿಲ್ಲ. ಆ ಮನೆಗಳಿಗೆ ತಟ್ಟಿತು.

ಹಾಗಾದರೆ ಸುಮ್ಮನಿರಬೇಕೇ?

ಇದನ್ನು ಓದಿ ಕೆಲವರು ಕೇಳಬಹುದು: ನಮ್ಮ ಜನರನ್ನು ಕೊಂದರೂ ರಾಯಭಾರಿಗೆ ಚಹಾ ಕೊಟ್ಟು ಕೂರಿಸಬೇಕೇ? ಖಂಡಿತ ಇಲ್ಲ. ರಾಜತಾಂತ್ರಿಕ ಪಾಸ್‌ಪೋರ್ಟ್ ಇಟ್ಟುಕೊಂಡು ಬೇಹುಗಾರಿಕೆ ಮಾಡುವವನನ್ನು ಹೊರಗೆ ಹಾಕಲೇಬೇಕು. ಸಿಟ್ಟು ತೋರಿಸಲು ಯುದ್ಧಕ್ಕಿಂತ ಕಡಿಮೆ ಬೆಲೆಯ ದಾರಿ ಇದು ಎಂಬುದೂ ನಿಜ. ಫಿಲಿಪ್ಪೀನ್ಸ್ 2018ರಲ್ಲಿ ಸುಮ್ಮನಿದ್ದಿದ್ದರೆ ಪಾಸ್‌ಪೋರ್ಟ್ ಬಗ್ಗೆ ಆ ಒಪ್ಪಂದ ಆಗುತ್ತಿರಲಿಲ್ಲ. ಒತ್ತಡ ಹೇರಿದ್ದರಿಂದಲೇ ಅವರ ಹೆಣ್ಣುಮಕ್ಕಳಿಗೆ ಸ್ವಲ್ಪ ರಕ್ಷಣೆ ಸಿಕ್ಕಿತು.

ನನ್ನ ವಾದ ಇಷ್ಟೇ. ರಾಜಕೀಯ ವಿಭಾಗ ಬೇರೆ, ಕಾನ್ಸುಲರ್ ವಿಭಾಗ ಬೇರೆ. 1963ರಲ್ಲಿ ಕಾನ್ಸುಲರ್ ಸೇವೆಗೆ ವಿಯೆನ್ನಾದಲ್ಲಿ ಪ್ರತ್ಯೇಕ ಒಪ್ಪಂದವೇ ಆಯಿತು. ಜೈಲಿನಲ್ಲಿರುವ ತನ್ನ ಪ್ರಜೆಯನ್ನು ಭೇಟಿಯಾಗುವ ಹಕ್ಕು ಅದರ 36ನೇ ವಿಧಿಯಲ್ಲಿದೆ. ಪಾಸ್‌ಪೋರ್ಟ್ ನವೀಕರಿಸುವವರು, ಶವ ಕಳಿಸಲು ಸಹಿ ಹಾಕುವವರು, ಜೈಲಿಗೆ ಹೋಗಿ ಕೈದಿಯನ್ನು ನೋಡುವವರು ಯಾರ ಗುಟ್ಟನ್ನೂ ಕದಿಯುವುದಿಲ್ಲ. 55ರಿಂದ 30ಕ್ಕೆ ಇಳಿಸುವಾಗ ಅವರನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡನೆಯದು, ಈಗಾಗಲೇ ಕೊಟ್ಟ ವೀಸಾವನ್ನು, ಅದರಲ್ಲೂ ಚಿಕಿತ್ಸೆ ಮತ್ತು ಸಾವಿನ ಕಾರಣಕ್ಕೆ ಕೊಟ್ಟದ್ದನ್ನು, ಅವಧಿ ಮುಗಿಯುವವರೆಗೆ ಗೌರವಿಸಬೇಕು. ಮೂರನೆಯದು, ಕಚೇರಿ ಮುಚ್ಚಲೇಬೇಕಾದರೆ ತನ್ನ ಪ್ರಜೆಗಳ ಹಿತ ನೋಡಿಕೊಳ್ಳುವಂತೆ ಮೂರನೇ ದೇಶವನ್ನು ಕೇಳಲು 1961ರ ಒಪ್ಪಂದದ 45ನೇ ವಿಧಿಯಲ್ಲೇ ಅವಕಾಶವಿದೆ. ಆ ದೇಶ ಯಾವುದೆಂದು ಅದೇ ದಿನ ಜನರಿಗೆ ಹೇಳಬೇಕು.

ಕಾನ್ಸುಲರ್ ಕೆಲಸಕ್ಕೆ ಎಷ್ಟು ಬೆಲೆ ಎಂದು 2024ರ ಜೂನ್ 12ರಂದು ಕುವೈತ್‌ನ ನಮಗೆಲ್ಲ ಗೊತ್ತಾಯಿತು. ಮಂಗಾಫ್‌ನ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಸತ್ತರು, ಅವರಲ್ಲಿ ಒಬ್ಬರು ಕರ್ನಾಟಕದವರು. ಎರಡೇ ದಿನದಲ್ಲಿ ವಾಯುಪಡೆಯ ವಿಮಾನ ಶವಗಳನ್ನು ಹೊತ್ತು ಕೊಚ್ಚಿಗೆ ಇಳಿಯಿತು. ಇಲ್ಲಿ ಒಬ್ಬರ ಶವ ಕಳಿಸಲು ಎಷ್ಟು ಕಚೇರಿ ಸುತ್ತಬೇಕು ಎಂದು ಗೊತ್ತಿರುವವರಿಗೆ ಅದು ಎಂಥ ಕೆಲಸ ಎಂದು ಅರ್ಥವಾಗುತ್ತದೆ. ಎರಡು ಸರ್ಕಾರಗಳ ಸಂಬಂಧ ಚೆನ್ನಾಗಿದ್ದು, ನಮ್ಮ ಅಧಿಕಾರಿಗಳು ಆಸ್ಪತ್ರೆಯಿಂದ ಶವಾಗಾರಕ್ಕೆ ಯಾರ ಅಪ್ಪಣೆಗೂ ಕಾಯದೆ ಓಡಾಡಲು ಸಾಧ್ಯವಾದದ್ದರಿಂದ ಅದು ಆಯಿತು. 25 ಮೈಲಿಯ ಗೆರೆ ಇದ್ದಿದ್ದರೆ ಆಗುತ್ತಿತ್ತೇ?

ಭಾರತ-ಕುವೈತ್ ನಡುವೆಯೂ ಮುನಿಸು ಬಂದದ್ದಿದೆ. 2022ರ ಜೂನ್ 5ರಂದು, ದೆಹಲಿಯಲ್ಲಿ ಪಕ್ಷವೊಂದರ ವಕ್ತಾರರು ಪ್ರವಾದಿಯವರ ಬಗ್ಗೆ ಆಡಿದ ಮಾತಿಗೆ ಕುವೈತ್ ನಮ್ಮ ರಾಯಭಾರಿಯನ್ನು ಕರೆಸಿ ಪ್ರತಿಭಟನಾ ಪತ್ರ ಕೊಟ್ಟಿತು. ಒಂದು ಸಹಕಾರಿ ಅಂಗಡಿಯಲ್ಲಿ ಭಾರತದ ಅಕ್ಕಿ, ಸಾಂಬಾರ ಪದಾರ್ಥಗಳ ಕಪಾಟಿಗೆ ಪ್ಲಾಸ್ಟಿಕ್ ಹೊದಿಸಿದರು. ಆ ವಾರ ನಾವೆಲ್ಲ ತಲೆ ತಗ್ಗಿಸಿ ಓಡಾಡಿದೆವು. ಆದರೆ ಎರಡೂ ಸರ್ಕಾರಗಳು ಅಲ್ಲಿಗೆ ನಿಲ್ಲಿಸಿದವು. ಯಾರನ್ನೂ ಹೊರಹಾಕಲಿಲ್ಲ, ಯಾರ ವೀಸಾವನ್ನೂ ತಡೆಯಲಿಲ್ಲ, ಪಾಸ್‌ಪೋರ್ಟ್ ಕೇಂದ್ರದಲ್ಲಿ ಮರುದಿನವೂ ಟೋಕನ್ ಕೊಟ್ಟರು. ಎರಡೂವರೆ ವರ್ಷದ ಬಳಿಕ, 2024ರ ಡಿಸೆಂಬರ್‌ನಲ್ಲಿ, 43 ವರ್ಷಗಳ ನಂತರ ಭಾರತದ ಪ್ರಧಾನಿಯೊಬ್ಬರು ಕುವೈತ್‌ಗೆ ಬಂದರು. ಸಿಟ್ಟನ್ನು ಕಾಗದದಲ್ಲಿ ಬರೆದು ಕೈಗೆ ಕೊಟ್ಟು ಮುಗಿಸಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಊರಿನವರು ಮಾಡಬೇಕಾದದ್ದು

ಸರ್ಕಾರಗಳು ನನ್ನ ಮಾತು ಕೇಳುತ್ತವೆ ಎಂಬ ಭ್ರಮೆ ನನಗಿಲ್ಲ. ಲೆಕ್ಕಪತ್ರದಲ್ಲಿ 'ಸಂಭಾವ್ಯ ಹೊಣೆ' ಎಂದು ಬರೆಯುತ್ತೇವೆ. ಆಗಲೇಬೇಕೆಂದಿಲ್ಲ, ಆದರೆ ಆಗಬಹುದು, ಆದ್ದರಿಂದ ಬರೆದಿಡಬೇಕು. ಪ್ರತಿ ಗಲ್ಫ್ ಕುಟುಂಬವೂ ಇದನ್ನು ಬರೆದಿಡಬೇಕು.

ನಿಮ್ಮ ಮಗನ ಅಥವಾ ಯಜಮಾನರ ಪಾಸ್‌ಪೋರ್ಟ್, ಸಿವಿಲ್ ಐಡಿ, ಕೆಲಸದ ಕರಾರಿನ ಪ್ರತಿ ಊರಲ್ಲೂ ಇರಲಿ. ಮೊಬೈಲ್‌ನಲ್ಲಿ ಮಾತ್ರ ಸಾಲದು, ಕಾಗದದಲ್ಲೂ ಇರಲಿ. ಪಾಸ್‌ಪೋರ್ಟ್ ಅವಧಿ ಒಂದು ವರ್ಷ ಇರುವಾಗಲೇ ನವೀಕರಿಸಲು ಹೇಳಿ. ಕೊನೆಯ ತಿಂಗಳವರೆಗೆ ಕಾಯುವವನಿಗೇ ಕೌಂಟರ್ ಮುಚ್ಚಿದ ಬಿಸಿ ಮೊದಲು ತಟ್ಟುವುದು. ಬ್ಯಾಂಕ್ ಖಾತೆಗೆ ನಾಮಿನಿ ಇದೆಯೇ ನೋಡಿ. ವೀಸಾ ಕೈಗೆ ಬರುವ ಮೊದಲು ಅದನ್ನು ನಂಬಿ ಸಾಲ ಮಾಡಬೇಡಿ, ಆ ಫಿಲಿಪ್ಪೀನ್ಸ್ ಹುಡುಗನ ಸಾಲ ಇನ್ನೂ ತೀರಿಲ್ಲ. ತೊಂದರೆ ಬಂದರೆ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ಊರಿನಿಂದಲೇ ದೂರು ಕೊಡಬಹುದು ಎಂಬುದು ನೆನಪಿರಲಿ.

ಇನ್ನೊಂದು ಮಾತು ಹೇಳಲೇಬೇಕು. ಸಂಬಂಧ ಹದಗೆಟ್ಟ ದಿನಗಳಲ್ಲಿ ವಾಟ್ಸ್‌ಆ್ಯಪ್‌ಗೆ ಬಂದದ್ದನ್ನೆಲ್ಲ ಇಲ್ಲಿಗೆ ಕಳಿಸಬೇಡಿ. ಊರಲ್ಲಿ ಅದು ಹರಟೆ. ಇಲ್ಲಿ ಒಬ್ಬನ ಮೊಬೈಲ್‌ನಲ್ಲಿ ಇನ್ನೊಂದು ದೇಶದವರನ್ನೋ ಧರ್ಮವನ್ನೋ ಬೈಯುವ ಸಂದೇಶ ಸಿಕ್ಕಿದರೆ ಕೆಲಸ ಹೋಗುತ್ತದೆ, ಗಡೀಪಾರೂ ಆಗಬಹುದು. 2022ರಲ್ಲಿ ಫಹಾಹೀಲ್‌ನಲ್ಲಿ ಪ್ರತಿಭಟನೆಗೆ ಕೂತ ವಿದೇಶೀಯರನ್ನು ಗಡೀಪಾರು ಮಾಡುವುದಾಗಿ ಕುವೈತ್ ಹೇಳಿತು. ಅವರು ಕುವೈತ್ ಸರ್ಕಾರದ ನಿಲುವಿನ ಪರವಾಗಿಯೇ ಕೂತಿದ್ದರು. ಆದರೂ ಕಾನೂನು ಕಾನೂನೇ. ನಮ್ಮ ಕ್ಯಾಂಪುಗಳಲ್ಲಿ ಪಾಕಿಸ್ತಾನಿ, ಬಾಂಗ್ಲಾದೇಶಿ, ನೇಪಾಳಿ ಎಲ್ಲ ಒಂದೇ ಅಡುಗೆಮನೆ ಹಂಚಿಕೊಳ್ಳುತ್ತಾರೆ. ಏಪ್ರಿಲ್‌ನ ಆ ವಾರವೂ ನನ್ನ ಕಂಪನಿಯ ಪೇಶಾವರದ ಡ್ರೈವರ್ ಎಂದಿನಂತೆ ಬೆಳಿಗ್ಗೆ ಆರೂವರೆಗೆ ಬಂದು ಹಾರ್ನ್ ಹೊಡೆದ. ಇಬ್ಬರೂ ಆ ವಿಷಯ ಎತ್ತಲಿಲ್ಲ. ಅವನ ಇಕಾಮಾ ನವೀಕರಣದ ಅರ್ಜಿ ನನ್ನ ಮೇಜಿನ ಮೇಲಿತ್ತು, ಸಹಿ ಹಾಕಿ ಕಳಿಸಿದೆ.

ಅಪ್ಪ ಈಗ ಇಲ್ಲ. ಆ ಬಿಳಿ ಕಾಗದ ಕುಂದಾಪುರದ ಮನೆಯ ಗೋದ್ರೆಜ್ ಕಪಾಟಿನಲ್ಲಿದೆ. ಕಳೆದ ರಜೆಯಲ್ಲಿ ಮಗಳಿಗೆ ತೋರಿಸಿದೆ. ಮುದ್ರೆಯ ಶಾಯಿ ಮಾಸಿದೆ, ಸಹಿ ಯಾರದೆಂದು ಓದಲಾಗುವುದಿಲ್ಲ. ಎರಡು ದೇಶಗಳು ಮುನಿಸಿಕೊಂಡ ದಿನವೂ ಅಂಥ ಸಹಿ ಹಾಕಲು ಒಬ್ಬರು ಕುರ್ಚಿಯಲ್ಲಿ ಇರಬೇಕು ಎಂಬುದಷ್ಟೇ ನನ್ನ ಬೇಡಿಕೆ.

(ಲೇಖಕರು ಕುವೈತ್‌ನಲ್ಲಿ ಲೆಕ್ಕಪರಿಶೋಧಕರು)